ಸಜ್ಜೆ ರೊಟ್ಟಿ ಸಮುದ್ರಕ್ಕೆ ಹೋದದ್ದು

ರೊಟ್ಟಿ ಕೆಟ್ಟವು. ನಡೆದದ್ದು ಇಷ್ಟೇ. ಮುದುಕಿ ಸಮುದ್ರದಲ್ಲಿ ಮುಳುಗಿದ್ದಳು, ಯಾರೋ ಹುಡುಗಿ ಜುಟ್ಟು ಹಿಡಿದು ಎಳೆದು ಉಳಿಸಿದಳು ಎಂದು ನಮ್ಮ ಕಡೆ ಇವತ್ತಿಗೂ ಹೇಳುತ್ತಾರೆ. ನಾನು ಮುಳುಗಿಲ್ಲ. ನನ್ನ ಜುಟ್ಟನ್ನು ಯಾರೂ ಹಿಡಿದಿಲ್ಲ. ನಾನು ಬಡಿದ ರೊಟ್ಟಿ ಕೆಟ್ಟವು, ಅವನ್ನು ಹನ್ನೆರಡು ಹುಡುಗಿಯರಿಗೆ ತಿನ್ನಿಸಿದೆ. ಉಳಿದದ್ದೆಲ್ಲ ಅದರ ಬೆನ್ನಿಗೆ ಬಂದದ್ದು.

ಆಗ ನಾನು ಕುಷ್ಟಗಿ ಕಡೆಯ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆಯವಳಾಗಿದ್ದೆ. ಕಾಯಂ ನೌಕರಿ ಅಲ್ಲ. ತಾಲೂಕಿನ ಕಚೇರಿಯ ಸಾಹೇಬರು ವರ್ಷಕ್ಕೊಮ್ಮೆ ಕಾಗದ ಬರೆದು ಮುಂದುವರಿಸುತ್ತಿದ್ದರು. ಬೇಡ ಅನ್ನಿಸಿದರೆ ಬರೆಯದೆ ಬಿಟ್ಟರೆ ಸಾಕು, ಕೆಲಸ ಹೋದಂತೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಅದೇ ದೊಡ್ಡ ಕೆಲಸ. ಹುಡುಗಿಯರು ನನಗೆ ಅಮ್ಮ ಅನ್ನುತ್ತಿದ್ದರು. ನಮ್ಮ ಕಡೆ ತಾಯಿಗೆ ಅವ್ವ, ಅಜ್ಜಿಗೆ ಅಮ್ಮ. ನನಗೂ ಆಗಲೇ ಅವರ ವಯಸ್ಸಿನ ಮೊಮ್ಮಗಳಿದ್ದಳು.

ಆ ವರ್ಷ ಪಿಯುಸಿ ಓದುವ ಹನ್ನೆರಡು ಹುಡುಗಿಯರನ್ನು ಐದು ದಿನದ ಶಿಬಿರಕ್ಕೆ ಆರಿಸಿದರು. ಬೆನ್ನಿಗೆ ಚೀಲ ಹಾಕಿಕೊಂಡು ಮೂರು ದಿನ ಗೋಕರ್ಣದಿಂದ ಹೊನ್ನಾವರದ ತನಕ ಸಮುದ್ರದ ದಂಡೆ ಹಿಡಿದು ನಡೆಯುವುದು. ಆಮೇಲೆ ಎರಡು ದಿನ ನೀರಿನಲ್ಲಿ ಕಯಾಕ್ ನಡೆಸಲು ಕಲಿಯುವುದು. ಕಯಾಕ್ ಅಂದರೆ ಉದ್ದನೆಯ ಪ್ಲಾಸ್ಟಿಕ್ ದೋಣಿ, ಇಬ್ಬರು ಹಿಂದೆ ಮುಂದೆ ಕೂತು ಹುಟ್ಟು ಹಾಕಬೇಕು. ನಮ್ಮ ಹುಡುಗಿಯರು ಸಮುದ್ರ ಇರಲಿ, ಮೊಣಕಾಲು ಮುಳುಗುವ ನೀರನ್ನೂ ಸರಿಯಾಗಿ ಕಂಡವರಲ್ಲ. ಹೋಗಲು ಎಲ್ಲರೂ ತುದಿಗಾಲಲ್ಲಿದ್ದರು. ಅಪ್ಪಂದಿರು ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಲಿಲ್ಲ.

ವಾರ್ಡನ್ ಮೇಡಂ ಊರೂರು ತಿರುಗಿ ಸೋತರು. ಆಮೇಲೆ ನನ್ನನ್ನು ಕರೆದುಕೊಂಡು ಹೋದರು. ಎಲ್ಲರಿಗಿಂತ ಗಟ್ಟಿ ಆಸಾಮಿ ತಾವರಗೇರಾದ ಒಬ್ಬ ಹುಡುಗಿಯ ಅಪ್ಪ. ಎತ್ತಿನ ಮೈ ತೊಳೆಯುತ್ತಿದ್ದವನು ನಮ್ಮನ್ನು ನೋಡಿಯೂ ಕೈ ನಿಲ್ಲಿಸಲಿಲ್ಲ.

"ಅದು ಮೀನ ತಿನ್ನೂ ಸೀಮಿ. ಪಾತ್ರಿ ಯಾವುದೋ, ಎಣ್ಣಿ ಯಾವುದೋ. ನಮ್ಮ ಹುಡುಗಿ ಅಲ್ಲಿ ಏನ ತಿಂತಾಳ?" ಅಂದ.

"ನನ್ನ ಕೈ ರೊಟ್ಟಿ ತಿಂತಾಳ," ಅಂದೆ.

"ಐದು ದಿನ?"

"ನನ್ನ ಕಡಕ್ ರೊಟ್ಟಿ ತಿಂಗಳಗಟ್ಟಲೆ ಇರ್ತಾವ. ನಿಮ್ಮ ಮನ್ಯಾಗಿನವು ಇರಂಗಿಲ್ಲೇನು?"

ಅವನ ಹೆಂಡತಿ ಒಳಗಿನಿಂದ ನಕ್ಕಳು. ಅವನು ಕೈ ಒರೆಸಿಕೊಂಡು ಸಹಿ ಹಾಕಿದ. ಕಾಗದವನ್ನು ಮೇಡಂ ಕೈಗೆ ಕೊಡಲಿಲ್ಲ, ನನ್ನ ಕೈಗೆ ಕೊಟ್ಟ.

"ಸಹಿ ನಂದು, ಮಾತು ನಿಂದು," ಅಂದ.

ತಾವರಗೇರಾದವನು ಸಹಿ ಹಾಕಿದ ಅಂದ ಮೇಲೆ ಉಳಿದ ಹನ್ನೊಂದು ಮಂದಿ ಇದೇ ಕರಾರಿನ ಮೇಲೆ ಹಾಕಿದರು. ಹೊರಗೆ ತಿನ್ನಬಾರದು, ಅಮ್ಮನ ರೊಟ್ಟಿಯೇ ತಿನ್ನಬೇಕು.

ಸಂಕ್ರಾಂತಿ ಹತ್ತಿರದ ಚಳಿ. ಸಜ್ಜೆ ರೊಟ್ಟಿಯ ಕಾಲ. ಹಿಟ್ಟಿಗೆ ಎಸರು ಸುರಿದು, ನಾದಿ, ಎಳ್ಳು ಒತ್ತಿ, ತೆಳ್ಳಗೆ ಬಡಿದು, ಹಂಚಿನ ಮೇಲೆ ಬೇಯಿಸಿ, ಒಲೆಯ ಬದಿಗೆ ನಿಲ್ಲಿಸಿ ಒಣಗಿಸಿದೆ. ಆಮೇಲೆ ಮಾಳಿಗೆಯ ಮೇಲೆ ಬಟ್ಟೆ ಹಾಸಿ ಬಿಸಿಲಿಗಿಟ್ಟೆ. ಮೂರು ದಿನ ಇದೇ ಕೆಲಸ. ಸುಮಾರು ಮುನ್ನೂರು ರೊಟ್ಟಿ. ಬೆರಳಿನಿಂದ ಬಡಿದರೆ ಹಪ್ಪಳದ ಹಾಗೆ ಸದ್ದು ಬರುತ್ತಿತ್ತು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕುಟ್ಟಿಕೊಂಡೆ. ರಾತ್ರಿಯ ಅನ್ನ ಸಾರಿಗೆ ಒಂದು ಸಣ್ಣ ಸ್ಟೋವು. ಸೊಸೆ ಅಂದಳು, "ಅತ್ತಿ, ಹಿಟ್ಟು ಹಂಚು ಒಯ್ದು ಅಲ್ಲೇ ಬಿಸಿ ಬಿಸಿ ಮಾಡಿದ್ರ ಆಗಂಗಿಲ್ಲೇನು?" ನಲವತ್ತು ವರ್ಷದಿಂದ ರೊಟ್ಟಿ ಬಡಿದವಳಿಗೆ ಇವಳು ಹೇಳುತ್ತಾಳೆ ಅಂದುಕೊಂಡು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅದು ನನ್ನ ಮೊದಲ ತಪ್ಪು.

ಹನ್ನೆರಡು ಹುಡುಗಿಯರು, ಮೇಡಂ, ನಾನು ಗೋಕರ್ಣದಲ್ಲಿ ಇಳಿದಾಗ ಶಿಬಿರದಲ್ಲಿ ತರಬೇತಿ ಕೊಡುವ ಹುಡುಗಿ ನಮ್ಮನ್ನು ಎದುರುಗೊಂಡಳು. ಅದೇ ದಂಡೆಯ ಊರಿನವಳು, ಬಿಸಿಲಿಗೆ ಕರ್ರಗಾದ ಗಟ್ಟಿ ಹುಡುಗಿ. ನಾನು ರೊಟ್ಟಿ ಗಂಟನ್ನು ತಲೆಯ ಮೇಲೆ ಇಟ್ಟುಕೊಂಡಿದ್ದೆ. ಅವಳು ಅದನ್ನು ನೋಡಿ, "ಅಜ್ಜಿ, ಬೆನ್ನಿಗೆ ಹಾಕ್ಕಳಿ. ಗಾಳಿ ಬಂದ್ರೆ ಕುತ್ತಿಗೆ ನೋಯ್ತದೆ," ಅಂದಳು.

"ನನ್ನ ಕುತ್ತಿಗಿ ನನಗ ಗೊತ್ತೈತಿ," ಅಂದೆ.

ಅರ್ಧ ತಾಸು ನಡೆದೆವು. ನಮ್ಮ ಕಡೆಯ ಗಾಳಿ ಒಂದು ದಿಕ್ಕಿನಿಂದ ಬೀಸುತ್ತದೆ. ಅಲ್ಲಿನದು ಗಂಟಿನ ಕೆಳಗೆ ಕೈ ಹಾಕಿ ಎತ್ತುತ್ತದೆ. ಗಂಟು ಇಳಿಸಿ, ರೊಟ್ಟಿಯನ್ನು ಹದಿನಾಲ್ಕು ಪಾಲು ಮಾಡಿ, ಎಲ್ಲರ ಬೆನ್ನಿನ ಚೀಲಕ್ಕೂ ಹಾಕಿಸಿದೆ. ತರಬೇತಿ ಹುಡುಗಿ ಏನೂ ಅನ್ನಲಿಲ್ಲ. ಅದಕ್ಕೇ ಅವಳ ಮೇಲೆ ನನಗೆ ಮರ್ಯಾದೆ ಬಂತು.

ನಡೆಯಲು ಒಂದು ರೀತಿ ಇದೆ. ಒಣ ಮರಳಿನಲ್ಲಿ ಕಾಲು ಹೂಳುತ್ತದೆ, ನೀರಿನಲ್ಲಿ ಜಾರುತ್ತದೆ. ತೆರೆ ಬಂದು ಹಿಂದೆ ಸರಿದ ಜಾಗ ಮಾತ್ರ ಕಣದ ಹಾಗೆ ಗಟ್ಟಿ ಇರುತ್ತದೆ. ಅದರ ಮೇಲೆ ಸಾಲಾಗಿ ನಡೆದೆವು. ಬಿಸಿಲು ಮೇಲಿನಿಂದ ಒಂದು, ನೀರಿನಿಂದ ಒಂದು. ಹುಡುಗಿಯರ ಮೂಗು ಸುಲಿದವು. ಹೊಸ ಬೂಟು ಹಾಕಿಕೊಂಡು ಬಂದವರಿಗೆ ಮಧ್ಯಾಹ್ನದೊಳಗೆ ಬೊಬ್ಬೆ ಬಂದವು. ಹವಾಯಿ ಚಪ್ಪಲಿಯ ನನಗೆ ಏನೂ ಆಗಲಿಲ್ಲ. ತಾವರಗೇರಾದ ಹುಡುಗಿ ಮಾತ್ರ ನಡಿಗೆಯ ಕಡೆ ಲಕ್ಷ್ಯ ಕೊಡದೆ ದಿನವಿಡೀ ನೀರನ್ನೇ ನೋಡುತ್ತಿದ್ದಳು.

"ಅಮ್ಮಾ, ನಾವು ಇದರಾಗ ಇಳೀತೀವಿ ಹೌದಿಲ್ಲ? ಮೇಡಂ ಖರೇನ ಬಿಡ್ತಾರ?"

"ಬಿಡಾಕ ಅಂತ ಕರಕೊಂಡ ಬಂದಾರ. ಮುಂದ ನೋಡಿ ನಡಿ."

ಮೊದಲ ದಿನ ಸಂಜೆ ಬಟ್ಟೆಯಲ್ಲಿ ಸುತ್ತಿದ ರೊಟ್ಟಿ ಮುಟ್ಟಿದೆ. ಸದ್ದು ಹೋಗಿತ್ತು. ಗಾಳಿಗೆ ಹಸಿ ಹಿಡಿದಿದೆ, ಗಾಳಿ ತಾಗದ ಹಾಗೆ ಇಟ್ಟರೆ ಸರಿ ಹೋಗುತ್ತದೆ ಅಂದುಕೊಂಡೆ. ಎಲ್ಲರ ಪಾಲಿನ ರೊಟ್ಟಿ ತೆಗೆಸಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಬಿಗಿದು ಕಟ್ಟಿದೆ. ಅದು ಎರಡನೇ ತಪ್ಪು. ಒಳಗೆ ಹೋದ ಹಸಿ ಒಳಗೇ ಉಳಿಯಿತು. ನಮ್ಮ ಸೀಮೆಯ ಗಾಳಿ ರೊಟ್ಟಿಯನ್ನು ಕಾಯುತ್ತದೆ ಎನ್ನುವುದು ನನಗೆ ಅಲ್ಲಿಯ ತನಕ ತಿಳಿದಿರಲಿಲ್ಲ. ನನ್ನ ಕೈ ಕಾಯುತ್ತದೆ ಅಂದುಕೊಂಡಿದ್ದೆ.

ಎರಡನೇ ದಿನ ರೊಟ್ಟಿ ತೊಗಲಿನ ಹಾಗೆ ಬಾಗಿದವು. ಹಲ್ಲಿಗೆ ಸುಲಭ ಆಯಿತು ತಿನ್ನಿರಿ ಅಂದೆ. ಸಂಜೆ ಕುಮಟಾದ ಹತ್ತಿರ ದಂಡೆಯ ಮೇಲೆ ಗೋಬಿ ಮಾಡುವ ಗಾಡಿ ಇತ್ತು. ಎಣ್ಣೆಯ ವಾಸನೆಗೆ ಹನ್ನೆರಡು ಮೂಗೂ ಅತ್ತ ತಿರುಗಿದವು. ತಾವರಗೇರಾದವಳೇ, "ಬ್ಯಾಡ್ರೇ, ನಮ್ಮಪ್ಪಗ ಮಾತ ಕೊಟ್ಟೈತಿ," ಅಂದಳು. ಹುಡುಗಿಯರು ಗಾಡಿಯ ಮುಂದೆಯೇ ಹಾದುಹೋದರು. ಒಬ್ಬಳೂ ನಿಲ್ಲಲಿಲ್ಲ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಮೂರನೇ ದಿನ ಬೆಳಿಗ್ಗೆ ಚೀಲ ಬಿಚ್ಚಿದಾಗ ಹುಳಿ ವಾಸನೆ ಬಂತು. ಸಮುದ್ರದ ದಂಡೆಯಲ್ಲಿ ಎಲ್ಲದಕ್ಕೂ ಒಂದು ವಾಸನೆ ಇರುತ್ತದೆ, ಇದೂ ಅದೇ ಅಂದುಕೊಂಡೆ. ಮೇಲಿನ ಒಂದು ರೊಟ್ಟಿಯ ಮೇಲೆ ಹತ್ತಿಯ ಹಾಗೆ ಏನೋ ಇತ್ತು. ಬೂಷ್ಟು. ಬಟ್ಟೆಯಿಂದ ಒರೆಸಿದೆ. ಉಳಿದವನ್ನು ತಿರುವಿ ನೋಡಿದೆ. ಜೋಳದ ಬಿಳಿ ರೊಟ್ಟಿ ಆಗಿದ್ದರೆ ಕಾಣುತ್ತಿತ್ತು. ಸಜ್ಜೆಯ ಬೂದು ಬಣ್ಣದಲ್ಲಿ, ಎಳ್ಳಿನ ಚುಕ್ಕೆಗಳ ನಡುವೆ ಏನೂ ತಿಳಿಯಲಿಲ್ಲ. ಸ್ಟೋವಿನ ಮೇಲೆ ಒಂದೊಂದನ್ನೇ ಬಿಸಿ ಮಾಡಿ ಕೊಟ್ಟೆ. ಊರಲ್ಲೂ ಮಳೆಗಾಲದಲ್ಲಿ ಹಾಗೆ ಮಾಡುತ್ತಿದ್ದೆ. ಯಾರಿಗೂ ಏನೂ ಆಗಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಒಬ್ಬಳು ಮರಳಿನ ಮೇಲೆ ಕೂತಳು. ಆಮೇಲೆ ಮತ್ತೊಬ್ಬಳು. ಹೊನ್ನಾವರ ಕಾಣುವ ತನಕ ಏಳು ಮಂದಿ ವಾಂತಿ ಮಾಡಿದರು. ತರಬೇತಿ ಹುಡುಗಿ ಫೋನು ಮಾಡಿ ಗಾಡಿ ತರಿಸಿ ಆಸ್ಪತ್ರೆಗೆ ಮುಟ್ಟಿಸಿದಳು. ಅಲ್ಲಿಯ ನರ್ಸಮ್ಮ ಉಪ್ಪು ಸಕ್ಕರೆಯ ನೀರು ಕುಡಿಸಿದಳು. ಗಂಗಾವತಿ ಕಡೆಯ ಒಬ್ಬ ತೆಳ್ಳನೆಯ ಹುಡುಗಿಗೆ ಮಾತ್ರ ಸಲೈನ್ ಹಾಕಬೇಕಾಯಿತು.

"ಏನು ತಿಂದಿದ್ರು?" ಅಂತ ನರ್ಸಮ್ಮ ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಮೇಡಂ, "ನೋಡಿ ಹೇಳ್ತೀವಿ," ಅಂದರು.

ಹೊರಗೆ ಬಂದು ಒಂದು ತೆಂಗಿನ ಮರದ ಬುಡದಲ್ಲಿ ನಿಂತೆವು. ಮೇಡಂ ಕೆಟ್ಟವರಲ್ಲ. ಅಂಜುವವರು. ಧಾರವಾಡ ಕಡೆಯವರು, ಮೆತ್ತಗೆ ಮಾತಾಡುತ್ತಾರೆ.

"ಅಜ್ಜಿ, ನಾಳೆ ಬೆಳಿಗ್ಗೆ ಊರಿಗೆ ಹೊಂಡೋಣು. ನೀರು ಗೀರು ಏನೂ ಬ್ಯಾಡ. ವರದಿ ಬರೀಬೇಕಾಗ್ತದ. ಹುಡುಗ್ಯಾರು ದಂಡಿ ಮ್ಯಾಲೆ ಗೋಬಿ ತಿಂದ್ರು ಅಂತ ಬರೀತೀನಿ."

"ತಿಂದಿಲ್ಲಲ್ರಿ."

"ತಿಂದಿಲ್ಲ, ನನಗೂ ಗೊತ್ತದ. ರೊಟ್ಟಿ ಅಂತ ಬರದ್ರ ನಿಮ್ಮ ಕೆಲಸ ಹೋಗ್ತದ. ಹುಡುಗ್ಯಾರಿಗೆ ಏನಾಗ್ತದ, ಬೈಸ್ಕೋತಾರ ಅಷ್ಟ. ನಿಮ್ಮನ್ನ ಉಳಿಸ್ಲಿಕ್ಕೆ ಹೇಳ್ಲಿಕ್ಹತ್ತೀನಿ."

ಸುಳ್ಳು ಹೇಳಬೇಕೆನಿಸಲಿಲ್ಲ ಅಂತ ಬರೆದರೆ ಅದೇ ಸುಳ್ಳಾಗುತ್ತದೆ. ಮನೆ ನಡೆಯಲು ನಾನು ತರುವ ಸಂಬಳವೂ ಬೇಕಿತ್ತು. ಆದರೆ ಲೆಕ್ಕ ಎತ್ತ ಹೋದರೂ ಒಂದೇ ಕಡೆ ಬಂದು ನಿಲ್ಲುತ್ತಿತ್ತು. ಗೋಬಿ ಅಂತ ಬರೆದರೆ ಹನ್ನೆರಡು ಅಪ್ಪಂದಿರೂ, ನಾವು ಮೊದಲೇ ಹೇಳಿದ್ದೆವಲ್ಲ, ಹೆಣ್ಣುಹುಡುಗಿಯರನ್ನು ಹೊರಗೆ ಬಿಟ್ಟರೆ ಹೀಗೇ ಅನ್ನುತ್ತಾರೆ. ಬಾಯಿ ಕಟ್ಟಿಕೊಂಡು ಗಾಡಿ ದಾಟಿ ಬಂದ ಹುಡುಗಿಯರು ಬಾಯಿಚಪಲದವರು ಅನ್ನಿಸಿಕೊಳ್ಳುತ್ತಾರೆ. ಮುಂದೆ ಆ ಹಾಸ್ಟೆಲಿನಿಂದ ಒಬ್ಬಳೂ ತಾಲೂಕು ದಾಟುವುದಿಲ್ಲ. ಮಾತು ಕೊಟ್ಟವಳು ನಾನು, ಮಾತು ಕೆಡಿಸಿದವರು ಅವರು ಅಂತಾಗುತ್ತದೆ.

"ಮೇಡಂರೀ, ಒಂದು ಹಾಳಿ ಕೊಡ್ರಿ," ಅಂದೆ.

"ಯಾಕ?"

"ನಾನು ಬರದು ಕೊಡ್ತೀನಿ. ರೊಟ್ಟಿ ನಂದು, ತಪ್ಪು ನಂದು. ನಿಮ್ಮ ಮ್ಯಾಲೆ ಏನೂ ಬರಂಗಿಲ್ಲ. ಹುಡುಗ್ಯಾರ ಮ್ಯಾಲೂ ಬರಬಾರದು. ಆದ್ರ ಬರಿಬೇಕಂದ್ರ ಒಂದು ಮಾತೈತಿ. ತಪ್ಪ ಮಾಡದಾವ್ರನ್ನ ಯಾಕ ತಿರುಗಿ ಒಯ್ಯಬೇಕು? ನರ್ಸಮ್ಮ ಸೈ ಅಂದ್ರ ಅವ್ರನ್ನ ನೀರಿಗೆ ಬಿಡ್ರಿ."

"ನಿಮಗ ತಲಿ ಕೆಟ್ಟದ ಅಜ್ಜಿ."

"ರೊಟ್ಟಿ ಕೆಟ್ಟೈತಿ. ತಲಿ ನೆಟ್ಟಗೈತಿ. ಹಾಳಿ ಕೊಡ್ರಿ."

ಬರೆದೆ. ನನ್ನ ಅಕ್ಷರ ದೊಡ್ಡ ಗಾತ್ರದವು, ನಾಲ್ಕು ಸಾಲಿಗೆ ಹಾಳೆ ತುಂಬಿತು. ನಾನು ಅಡುಗೆಯವಳು. ಬೂಷ್ಟು ಬಂದದ್ದು ನೋಡಿದೆ. ಒರೆಸಿ ಕೊಟ್ಟೆ. ಹುಡುಗಿಯರು ಹೊರಗಿನದು ತಿಂದಿಲ್ಲ. ಕೆಳಗೆ ಸಹಿ ಮಾಡಿದೆ. ಒಳಗೆ ಹೋಗಿ ನರ್ಸಮ್ಮನಿಗೂ ಅದನ್ನೇ ಹೇಳಿದೆ. ಅವಳು ರಿಜಿಸ್ಟರಿನಲ್ಲಿ ಬರೆದುಕೊಂಡು, "ಒಂದು ದಿನ ಗಂಜಿ ಕುಡಿಸಿ ಮಲಗಿಸಿ. ನಾಡಿದ್ದು ಓಡಾಡ್ತವೆ. ಸಲೈನ್ ಹಾಕಿದ್ದು ಮಾತ್ರ ನೀರಿಗೆ ಬೇಡ," ಅಂದಳು.

ಆಮೇಲೆ ಮೇಡಂ ಫೋನು ಇಸಿದುಕೊಂಡು ತಾವರಗೇರಾದವನಿಗೆ ಹಚ್ಚಿದೆ. ಇನ್ನೊಬ್ಬರ ಬಾಯಿಂದ ಅವನಿಗೆ ತಿಳಿಯುವುದು ಬೇಡವಾಗಿತ್ತು.

"ನನ್ನ ರೊಟ್ಟಿ ಕೆಟ್ಟಿದ್ವು. ನಿನ್ನ ಮಗಳು ವಾಂತಿ ಮಾಡ್ಯಾಳ. ಈಗ ಆರಾಮ ಅದಾಳ. ನಾಡಿದ್ದ ನೀರಿಗೆ ಇಳಿತಾಳ," ಅಂದೆ.

ಫೋನಿನಲ್ಲಿ ಅವನ ಹಿಂದೆ ಎತ್ತಿನ ಗಂಟೆಯ ಸದ್ದು ಕೇಳುತ್ತಿತ್ತು.

"ತಿಂಗಳ ಇರ್ತಾವ ಅಂದಿದ್ದಿ," ಅಂದ.

"ಅಂದಿದ್ದೆ. ಇರಲಿಲ್ಲ."

"ಆಕಿ ನೀರಿಗೆ ಇಳಿಯಾಗ ನೀ ಎಲ್ಲಿರ್ತೀಬೇ?"

"ಜೋಡಿನ ಇರ್ತೀನಿ."

"ಈ ಮಾತರ ಇರ್ತೈತೇನು?" ಅಂದು ಫೋನು ಇಟ್ಟ.

ಜೋಡಿ ಅಂದರೆ ದಂಡೆಯ ಮೇಲೆ ನಿಂತಿರುತ್ತೇನೆ ಎನ್ನುವುದು ನನ್ನ ಮನಸ್ಸಿನಲ್ಲಿದ್ದದ್ದು.

ಸಂಜೆ ಉಳಿದ ರೊಟ್ಟಿಯನ್ನೆಲ್ಲ ದಂಡೆಯಿಂದ ದೂರ ಗುಂಡಿ ತೋಡಿ ಹೂಳಿದೆ. ತರಬೇತಿ ಹುಡುಗಿಯೂ ಒಂದು ಸಲಿಕೆ ಹಿಡಿದಳು. ಒಂದು ರೊಟ್ಟಿಯನ್ನು ಮಾತ್ರ ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡೆ. "ಅದೇಕೆ ಅಜ್ಜಿ?" ಅಂದಳು. "ಇರ್ಲಿ," ಅಂದೆ.

ನಾಲ್ಕನೇ ದಿನ ಪೂರ್ತಿ ಗಂಜಿ. ಅಲ್ಲಿಯ ಕೆಂಪಕ್ಕಿ ತಂದು ನಾನೇ ಬೇಯಿಸಿದೆ. ಹುಡುಗಿಯರು ನನ್ನ ಕೈಯಿಂದ ತಟ್ಟೆ ತೆಗೆದುಕೊಳ್ಳುತ್ತಾರೋ ಇಲ್ಲವೋ ಎಂದು ನೋಡಿದೆ. ಯಲಬುರ್ಗಾದ ಬಾಯಿಬಡಕಿಯೊಬ್ಬಳು ತಟ್ಟೆಯನ್ನು ಮೂಸಿ, "ಅಮ್ಮಾ, ಇದನ್ನ ಇವತ್ತ ಮಾಡಿಯೋ, ಊರಿಂದ ತಂದಿಯೋ?" ಅಂದಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಅವಳಿಗೆ ಇನ್ನೊಂದು ಸೌಟು ಜಾಸ್ತಿ ಹಾಕಿದೆ.

ಐದನೇ ದಿನ ಬೆಳಿಗ್ಗೆ ನದಿ ಸಮುದ್ರ ಸೇರುವ ಕಡೆ ಹೋದೆವು. ನೀರು ಅಗಲವಾಗಿತ್ತು, ತೆರೆ ಇರಲಿಲ್ಲ, ಬಿಸಿಲು ಚೆನ್ನಾಗಿ ಬಿದ್ದಿತ್ತು. ಆರು ಕಯಾಕ್ ದಂಡೆಯ ಮೇಲೆ ಸಾಲಾಗಿ ಮಲಗಿದ್ದವು. ತರಬೇತಿ ಹುಡುಗಿ ಜೋಡಿ ಮಾಡಿದಳು. ಹನ್ನೆರಡು ಮಂದಿಯಲ್ಲಿ ಸಲೈನ್ ಹಾಕಿಸಿಕೊಂಡವಳು ಇಲ್ಲ. ಐದು ಜೋಡಿ ಆದವು. ಉಳಿದವಳು ತಾವರಗೇರಾದವಳು.

"ಇದು ಇಬ್ಬರ ದೋಣಿ. ಹೊಸಬರು ಒಬ್ರೇ ಕೂತ್ರೆ ಹಿಡಿತಕ್ಕೆ ಬರೂದಿಲ್ಲ," ಅಂದಳು ತರಬೇತಿ ಹುಡುಗಿ. "ನಾನು ನನ್ನ ದೋಣಿಯಲ್ಲಿ ಎಲ್ರನ್ನೂ ನೋಡ್ಕಬೇಕು. ಮೇಡಂ, ನೀವು ಕೂತ್ಕಳ್ತ್ರಾ?"

ಮೇಡಂ ಎರಡು ಹೆಜ್ಜೆ ಹಿಂದೆ ಸರಿದರು. ಹುಡುಗಿ ನೆಲ ನೋಡುತ್ತ, "ಇರ್ಲಿ ಬಿಡ್ರಿ, ನಾನು ದಂಡಿ ಮ್ಯಾಲೆ ಕುಂದರ್ತೀನಿ," ಅಂದಳು. ಅಳಲಿಲ್ಲ. ಅತ್ತಿದ್ದರೆ ನಾನು ಬೈದು ಸುಮ್ಮನಾಗುತ್ತಿದ್ದೆನೋ ಏನೋ.

"ಆಕಿ ಜೋಡಿ ನಾ ಕುಂದರ್ತೀನಿ," ಅಂದೆ.

"ಅಜ್ಜಿ, ನಿಮ್ಮ ವಯಸ್ಸು," ಅಂದರು ಮೇಡಂ.

"ನನ್ನ ವಯಸ್ಸನ್ನ ಕುಂದರಸಂಗಿಲ್ಲ, ನನ್ನ ಕುಂದರಸ್ತೀರಿ. ಎಷ್ಟು ಭಾರ ತಡೀತೈತಿ ಈ ದೋಣಿ?"

"ಅಡ್ಡಿಲ್ಲ, ತಡೀತದೆ," ಅಂದಳು ತರಬೇತಿ ಹುಡುಗಿ. "ಆದ್ರೆ ಅಜ್ಜಿ, ಮೊದಲು ಬೀಳೂಕೆ ಕಲೀಬೇಕು. ಬಿದ್ದು ಹತ್ತೂಕೆ ಬಂದ್ರೆ ಮಾತ್ರ ಆಚೆ ಬಿಡ್ತೆ. ಯಾರಿಗೂ ಬೇರೆ ರೀತಿ ಇಲ್ಲ."

ಅದು ನನಗೆ ಒಪ್ಪಿಗೆ ಆಯಿತು. ಇಳಕಲ್ ಸೀರೆಯನ್ನು ಕಳೆ ಕೀಳುವಾಗ ಉಡುವ ಹಾಗೆ ಕಚ್ಚೆ ಹಾಕಿ ಬಿಗಿದೆ. ಮೇಲೆ ಕಿತ್ತಳೆ ಬಣ್ಣದ ಜಾಕೆಟ್. ನೀರಿನಲ್ಲಿ ಮೈಯನ್ನು ಎತ್ತಿ ಹಿಡಿಯುವುದು ಅದೇ. ಪಟ್ಟಿ ಎಳೆದರೆ ಉಸಿರು ಕಟ್ಟುತ್ತದೆ, ಬಿಟ್ಟರೆ ಕಿವಿಯ ತನಕ ಏರುತ್ತದೆ. ಎರಡರ ನಡುವೆ ಒಂದು ಹದ ಇದೆ, ಅದು ಸಿಗುವ ತನಕ ಅವಳು ನಾಲ್ಕು ಸಲ ಬಿಚ್ಚಿ ಕಟ್ಟಿದಳು.

ಸೊಂಟದ ತನಕ ನೀರಿನಲ್ಲಿ ದೋಣಿ ಮಗುಚಿ ಬೀಳುವುದನ್ನು ಕಲಿಸಿದಳು. ಬಿದ್ದ ಕೂಡಲೇ ದೋಣಿ ಹಿಡಿಯಬೇಕು. ಹುಟ್ಟು ಬಿಡಬಾರದು. ಮಗುಚಿದ ದೋಣಿಯನ್ನು ಇಬ್ಬರೂ ಸೇರಿ ಹೊರಳಿಸಬೇಕು. ಒಬ್ಬರು ಒಂದು ಬದಿ ಒತ್ತಿ ಹಿಡಿದರೆ ಇನ್ನೊಬ್ಬರು ಎದುರಿನ ಬದಿಯಿಂದ ಹೊಟ್ಟೆಯ ಮೇಲೆ ಹತ್ತಬೇಕು, ಆಮೇಲೆ ತಿರುಗಿ ಕೂರಬೇಕು. ಹುಡುಗಿ ಎರಡನೇ ಸಲಕ್ಕೆ ಹತ್ತಿದಳು. ನಾನು ಆರು ಸಲ ಬಿದ್ದೆ. ಉಪ್ಪುನೀರು ಮೂಗಿಗೆ ಹೋಗಿ ತಲೆಯೊಳಗೆ ಮೆಣಸಿನಕಾಯಿ ಅರೆದ ಹಾಗಾಯಿತು. ಏಳನೇ ಸಲ ಹತ್ತಿದೆ. ಚಂದಾಗಿ ಹತ್ತಿದೆ ಅಂತ ಅಲ್ಲ. ಹತ್ತಿದೆ.

ಭಾರದವರು ಹಿಂದೆ ಕೂರಬೇಕಂತೆ, ನಾನು ಹಿಂದೆ ಕೂತೆ. ಮುಂದಿನವಳ ಹುಟ್ಟು ಎಡಕ್ಕೆ ಬಿದ್ದಾಗ ನನ್ನದೂ ಎಡಕ್ಕೆ, ಬಲಕ್ಕೆ ಬಿದ್ದಾಗ ಬಲಕ್ಕೆ ಬೀಳಬೇಕು. ನಮ್ಮವು ಒಂದಕ್ಕೊಂದು ಬಡಿದವು. ದೋಣಿ ಗಾಣದ ಎತ್ತಿನ ಹಾಗೆ ಇದ್ದಲ್ಲೇ ಸುತ್ತಿತು. ಉಳಿದ ಐದು ದೋಣಿ ಮುಂದೆ ಹೋದವು. ಯಲಬುರ್ಗಾದವಳು ದೂರದಿಂದ, "ಅಮ್ಮಾ, ಅಲ್ಲೇ ಎತ್ತು ತಿರುಗಿಸಿ ರಾಶಿ ಮಾಡಾಕತ್ತೀಯೇನು?" ಎಂದು ಕೂಗಿದಳು.

"ಅಮ್ಮಾ, ನನಗ ಬರಾಕತ್ತಿಲ್ಲ," ಅಂದಳು ಮುಂದಿನವಳು.

"ನಿಮ್ಮವ್ವನ ಜೋಡಿ ರೊಟ್ಟಿ ಬಡದಿಯಿಲ್ಲ?"

"ಬಡದೀನಿ."

"ಇಬ್ಬರು ಕೂಡಿ ಬಡಿಯೂವಾಗ ಕೈ ಸಪ್ಪಳ ಹೆಂಗ ಕೂಡ್ತೈತಿ? ಎಣಸ್ತೀರೇನು?"

"ಇಲ್ಲ. ಕೇಳಿಸ್ಕೋತ ಬಡೀತೀವಿ."

"ಹಂಗ ಬಡಿ. ನೀ ಬಡಿ, ನಾ ಕೇಳಿಸ್ಕೋತೀನಿ."

ಅವಳ ಹುಟ್ಟು ನೀರಿಗೆ ಬಿದ್ದ ಸದ್ದಿಗೆ ನನ್ನ ಕೈ ತಾನಾಗಿ ಕೂಡಿಕೊಂಡಿತು. ದೋಣಿ ನೆಟ್ಟಗೆ ಹೊರಟಿತು. ನಡು ಹೊಳೆಯಲ್ಲಿ ಗುರುತಿಗೆ ಕಟ್ಟಿ ತೇಲಿಸಿದ್ದ ಕೆಂಪು ಡಬ್ಬಿಯ ತನಕ ಹೋಗಿ ತಿರುಗಿ ಬರಬೇಕಿತ್ತು. ಹೋದೆವು. ತಿರುಗಿದೆವು. ಆಗ ಮೀನು ಹಿಡಿಯುವ ಯಂತ್ರದ ದೋಣಿ ಒಂದು ದೂರದಲ್ಲಿ ಹಾದುಹೋಯಿತು. ಅದು ಎಬ್ಬಿಸಿದ ಅಲೆ ಅಡ್ಡಕ್ಕೆ ಬಂದು ನಮ್ಮನ್ನು ಮಗುಚಿತು.

ಒಳಗೆ ಹಸಿರು ಬಣ್ಣ ಇತ್ತು, ಸದ್ದು ಇರಲಿಲ್ಲ. ನಾಲ್ಕು ಉಸಿರಿನ ಹೊತ್ತೂ ಇರಲಿಕ್ಕಿಲ್ಲ. ಜಾಕೆಟ್ ನನ್ನನ್ನು ಮೇಲಕ್ಕೆ ತಂದಿತು. ಹುಡುಗಿ ಕೆಮ್ಮುತ್ತ ನನ್ನ ಕಡೆ ಕೈ ಚಾಚಿದಳು.

"ನನ್ನ ಹಿಡೀಬ್ಯಾಡ. ದೋಣಿ ಹಿಡಿ. ಹುಟ್ಟು ಎಲ್ಲೈತಿ?"

"ಕೈಯಾಗೈತಿ."

"ಛಲೋ ಆತು. ಹೊರಳಿಸು."

ಹೊರಳಿಸಿದೆವು. ಅವಳು ಹತ್ತಿದಳು. ನಾನು ಜಾರಿದೆ, ಮತ್ತೆ ಜಾರಿದೆ. ಸೀರೆ ನೀರು ಕುಡಿದು ಗೋಣಿಚೀಲದಷ್ಟು ಭಾರ ಆಗಿತ್ತು. ಅಷ್ಟರಲ್ಲಿ ತರಬೇತಿ ಹುಡುಗಿ ತನ್ನ ದೋಣಿಯಲ್ಲಿ ಬಂದು ನನ್ನ ಜಾಕೆಟಿನ ಭುಜದ ಪಟ್ಟಿ ಹಿಡಿದಳು.

"ಅಜ್ಜಿ, ದಡಕ್ಕೆ ಎಳ್ಕಂಡು ಹೋಗ್ತೆ. ಸಾಕು."

"ಕೈ ತೆಗಿ."

"ಸುಸ್ತಾಗದೆ ನಿಮಗೆ."

"ಬೆಳಿಗ್ಗಿಯಿಂದ ಆರು ಸಲ ಬೀಳಸಿ ಕಲಿಸಿದ್ದು ಯಾಕ ಮತ್ತ? ಆಕಿ ಅಪ್ಪಗ ಜೋಡಿ ಇರ್ತೀನಿ ಅಂದೀನಿ. ಆಕಿ ದೋಣ್ಯಾಗ, ನಾ ನಿನ್ನ ಹಗ್ಗದಾಗ ಹೋದ್ರ ಅದು ಜೋಡಿ ಅಲ್ಲ."

ಅವಳು ಕೈ ತೆಗೆದಳು. ಆದರೆ ದೂರ ಹೋಗಲಿಲ್ಲ, ಅದು ಅವಳ ಕೆಲಸ. ಮೂರನೇ ಸಲ ಹೊಟ್ಟೆಯ ಮೇಲೆ ಬಿದ್ದು, ಮೊಣಕೈ ತರಚಿಕೊಂಡು ಹತ್ತಿದೆ. ತಿರುಗಿ ಕೂತೆ. ಹುಡುಗಿ ಹಿಂದಿರುಗಿ ನೋಡಿ, "ಬಡೀಲ್ಯಾ?" ಅಂದಳು. "ಬಡಿ," ಅಂದೆ. ಆರು ದೋಣಿಗಳಲ್ಲಿ ಎಲ್ಲರಿಗಿಂತ ಕೊನೆಗೆ ದಡ ಮುಟ್ಟಿದೆವು. ನಮ್ಮ ಹುಟ್ಟಿನಿಂದಲೇ ಮುಟ್ಟಿದೆವು.

ದಂಡೆಯ ಮೇಲೆ ಕೂತಿದ್ದ ಸಲೈನಿನ ಹುಡುಗಿ ಇದನ್ನೆಲ್ಲ ಫೋನಿನಲ್ಲಿ ಹಿಡಿದಿದ್ದಳಂತೆ. ಫೋನಿನಲ್ಲಿ ಜಾಗ ಮುಗಿದು ತರಬೇತಿ ಹುಡುಗಿ ಪಟ್ಟಿ ಹಿಡಿದಲ್ಲಿಗೆ ನಿಂತಿತ್ತು. ನನ್ನನ್ನು ಉಳಿಸಿದ ಕಥೆ ಹುಟ್ಟಿದ್ದು ಅಲ್ಲಿಂದ. ಕೈ ತೆಗೆದದ್ದನ್ನು ಊರಲ್ಲಿ ಯಾರೂ ನೋಡಿಲ್ಲ. ಜುಟ್ಟು ಎಲ್ಲಿಂದ ಬಂತೋ ಹೇಳಿದವರನ್ನೇ ಕೇಳಬೇಕು.

ಮಧ್ಯಾಹ್ನ ಬಸ್ಸು ಹತ್ತಿದೆವು. ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ನಿದ್ದೆ ಹೋದರು. ಘಟ್ಟ ಏರುವಾಗ ಮೇಡಂ ಬಂದು ನನ್ನ ಪಕ್ಕ ಕೂತರು. ಪರ್ಸಿನಿಂದ ನನ್ನ ಹಾಳೆ ತೆಗೆದರು.

"ಅಜ್ಜಿ, ಎಲ್ಲಾ ಸುಸೂತ್ರ ಆತಲ್ಲ. ಯಾರಿಗೂ ಏನೂ ಆಗಿಲ್ಲ. ಇದನ್ನ ಹರದು ಬಿಡೋಣು? ವರದಿಯೊಳಗ ನಡಿಗಿ ಮತ್ತ ದೋಣಿ ಅಷ್ಟ ಬರೀತೀನಿ."

"ಆಸ್ಪತ್ರಿ ರಿಜಿಸ್ಟರಿನ್ಯಾಗ ಏಳು ಹೆಸರು ಅದಾವಲ್ರಿ. ನಾಳೆ ಯಾರರ ಕೇಳಿದ್ರ?"

"ಕೇಳಿದಾಗ ನೋಡೋಣು."

ಕೇಳಿದಾಗ ಮತ್ತೆ ಗೋಬಿ ಗಾಡಿಯೇ ಬರುತ್ತದೆ ಎಂದು ನನಗೆ ಗೊತ್ತಿತ್ತು. "ನನ್ನ ಕೈಯಾಗ ಕೊಡ್ರಿ," ಅಂದೆ. ಹರಿಯುತ್ತೇನೆ ಅಂದುಕೊಂಡು ಕೊಟ್ಟರು. ನಾಲ್ಕು ಮಡಿಕೆ ಮಾಡಿ ಎಲೆ ಅಡಿಕೆಯ ಸಂಚಿಯಲ್ಲಿ ಇಟ್ಟು ಸೊಂಟಕ್ಕೆ ಸಿಕ್ಕಿಸಿದೆ. ಮೇಡಂ ನನ್ನ ಮುಖ ನೋಡಿದರು. ಆಮೇಲೆ ಕಿಟಕಿಯ ಆಚೆ ನೋಡಿದರು.

ಮರುದಿನ ಬೆಳಿಗ್ಗೆ ಬರಬೇಡ ಎಂದು ಯಾರೂ ಹೇಳುವ ಮೊದಲೇ ಐದಕ್ಕೆ ಹಾಸ್ಟೆಲಿಗೆ ಹೋದೆ. ಒಲೆ ಹಚ್ಚಿದೆ. ಎಸರಿಟ್ಟೆ. ಜೋಳದ ಹಿಟ್ಟು ನಾದಿ ಬಿಳಿ ರೊಟ್ಟಿ ಬಡಿದೆ, ಹುಡುಗಿಯರು ಬಿಸಿ ಇರುವಾಗಲೇ ತಿಂದರು. ಕೈ ತೊಳೆದುಕೊಂಡು, ಸಂಚಿಯಲ್ಲಿದ್ದ ಹಾಳೆಯನ್ನೂ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಬೂಷ್ಟು ರೊಟ್ಟಿಯನ್ನೂ ತೆಗೆದುಕೊಂಡು ತಾಲೂಕಿನ ಕಚೇರಿಗೆ ನಡೆದೆ. ಬಾಗಿಲು ಇನ್ನೂ ತೆರೆದಿರಲಿಲ್ಲ. ಮೆಟ್ಟಿಲ ಮೇಲೆ ಕೂತೆ. ಜವಾನ ಬೀಗದ ಕೈ ಹಿಡಿದುಕೊಂಡು ಬಂದು, "ಏನಬೇ, ಇಷ್ಟ ಲಗು ಬಂದಿ?" ಅಂದ.

"ಸಾಹೇಬರಿಗೆ ಒಂದು ರೊಟ್ಟಿ ತೋರಸೂದೈತಿ," ಅಂದೆ. "ಬಾಗಲಾ ತೆಗಿ."